ಹೊಸಬರ ಸರದಿ

ಸುದ್ದಿ ಬಂದಾಗ ಟೇಲರಕ್ಕನ ತುಟಿಗಳ ನಡುವೆ ನಾಲ್ಕು ಗುಂಡುಸೂಜಿಗಳಿದ್ದವು. ಫೋನಿಗೆ ಬಂದ ಪತ್ರವನ್ನು ಒಂದು ಸಲ ಓದಿದಳು, ನಂಬಿಕೆ ಬರದೆ ಇನ್ನೊಂದು ಸಲ ಓದಿದಳು. ಆಮೇಲೆ ಸೂಜಿಗಳನ್ನು ಒಂದೊಂದಾಗಿ ತೆಗೆದು ದಿಂಬಿಗೆ ಚುಚ್ಚಿ, ಅಂಗಡಿಯ ಬಾಗಿಲಿಗೆ ಬಂದು, ಇಡೀ ಓಣಿಗೆ ಕೇಳುವ ಹಾಗೆ ಕೂಗಿದಳು: "ಬನ್ರೇ ಎಲ್ಲಾರೂ! ಕೈಲಿರೋದನ್ನ ಅಲ್ಲೇ ಬಿಟ್ಟು ಬನ್ನಿ! ಕೈಲಿ ರೋಗಿ ಇದ್ರೆ ಮಾತ್ರ ಬಿಡಬೇಡಿ!"

ಹತ್ತು ನಿಮಿಷದಲ್ಲಿ ಅಂಗಡಿ ತುಂಬಿತು. ಆರಡಿಗೆ ಹತ್ತಡಿಯ ಅಂಗಡಿ, ಎರಡು ಹೊಲಿಗೆ ಯಂತ್ರ, ಒಂದು ಬೆಂಚು. ಉಳಿದವರು ಬಟ್ಟೆಯ ಗಂಟುಗಳ ಮೇಲೆ, ಹೊಸ್ತಿಲ ಮೇಲೆ, ಒಬ್ಬರ ಮಡಿಲಲ್ಲಿ ಇನ್ನೊಬ್ಬರು. ಇದೇ ಮಗ್ಗುಲು ಬಳಗದ ಕಚೇರಿ. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಒಂದು ಮಗ್ಗುಲಿಂದ ಇನ್ನೊಂದು ಮಗ್ಗುಲಿಗೆ ತಿರುಗಿಸುವುದು, ಮೈ ತೊಳೆಯುವುದು, ಹುಣ್ಣು ಒರೆಸುವುದು ಇವರ ಕೆಲಸ. ಎರಡು ಗಂಟೆ ತಪ್ಪಿದರೆ ಬೆನ್ನು ಕೆಂಪಾಗುತ್ತದೆ, ಎರಡು ದಿನ ತಪ್ಪಿದರೆ ಕೊಳೆಯುತ್ತದೆ. ಲಿಫ್ಟಿಲ್ಲದ ಮೂರು ಮಹಡಿಯ ಕಟ್ಟಡಗಳಲ್ಲಿ ನಲವತ್ತೊಂದು ಮಂದಿಯನ್ನು ಹನ್ನೆರಡು ಹೆಂಗಸರು ನೋಡಿಕೊಳ್ಳುತ್ತಿದ್ದರು. ಇನ್ನೂ ಹತ್ತೊಂಬತ್ತು ಹೆಸರು ಗೋಡೆಯ ಕ್ಯಾಲೆಂಡರಿನ ಬೆನ್ನಿಗೆ ಬರೆದು ಕೂತಿದ್ದವು. ಅವರಿಗೆ ಕೊಡಲು ಕೈಗಳಿರಲಿಲ್ಲ. ಸೂರಿನಿಂದ ಬಿದ್ದು ಸೊಂಟ ಮುರಿದ ಬಡಗಿಯ ಹೆಸರೂ ಅಲ್ಲಿತ್ತು. ಅವನ ಹೆಂಡತಿ ದಿನಾ ಬಂದು ಆ ಕ್ಯಾಲೆಂಡರನ್ನು ತಿರುಗಿಸಿ ನೋಡಿ ಹೋಗುತ್ತಿದ್ದಳು.

"ಓದ್ತೀನಿ ಕೇಳಿ," ಅಂದಳು ಟೇಲರಕ್ಕ. "'ಇನ್ನು ಮೇಲೆ ನಮ್ಮ ದೇಶದ ನೆರವು, ಕೆಲಸ ಮಾಡುವ ಸ್ಥಳೀಯ ಗುಂಪುಗಳಿಗೆ ನೇರವಾಗಿ ಸಲ್ಲುತ್ತದೆ. ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ನಮ್ಮ ಅಧಿಕಾರಿ ನಿಮ್ಮಲ್ಲಿಗೆ ಬಂದು ನಲವತ್ತು ನಿಮಿಷ ಇರುತ್ತಾರೆ.' ನೇರವಾಗಿ ಅಂತೆ ಕಣ್ರೇ! ನೇರವಾಗಿ!"

ಆ ಒಂದು ಮಾತಿಗೆ ಎದ್ದ ಗದ್ದಲಕ್ಕೆ ಪಕ್ಕದ ಅಂಗಡಿಯವನು ಬೆಂಕಿ ಬಿತ್ತೇನೋ ಅಂತ ಬಕೆಟ್ಟು ಹಿಡಿದು ಓಡಿಬಂದ. ಬೆಂಕಿಯೇ ಬಿದ್ದಿತ್ತು, ಎಂಟು ವರ್ಷದ ಹೊಟ್ಟೆಯ ಬೆಂಕಿ. ಎಂಟು ವರ್ಷದಿಂದ ಸಮುದ್ರದಾಚೆಯ ನೆರವು ಈ ಓಣಿಯ ಹೆಸರು ಹೇಳಿಕೊಂಡೇ ಬರುತ್ತಿತ್ತು. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ಅದು ಮೊದಲು ನಗರದ ದೊಡ್ಡ ಸಂಸ್ಥೆಯ ತಣ್ಣನೆಯ ಮಹಡಿ ಹತ್ತುತ್ತಿತ್ತು, ಅಲ್ಲಿಂದ ಕಾರು ಹತ್ತುತ್ತಿತ್ತು, ತರಬೇತಿಯ ಹಾಲಿನಲ್ಲಿ ಬಾಟಲಿ ನೀರು ಕುಡಿಯುತ್ತಿತ್ತು. ಕೊನೆಗೆ ಓಣಿಗೆ ಇಳಿಯುವಾಗ ಅದು ಕೈ ತೊಳೆಯಿರಿ ಎನ್ನುವ ಭಿತ್ತಿಪತ್ರವಾಗಿರುತ್ತಿತ್ತು. ತೊಳೆಯಲು ನೀರು ಎಲ್ಲಿ ಅಂತ ಭಿತ್ತಿಪತ್ರ ಹೇಳುತ್ತಿರಲಿಲ್ಲ. ಒಮ್ಮೆ ಕರೆಂಟಿನಿಂದ ಉಬ್ಬುವ ಗಾಳಿ ಹಾಸಿಗೆಗಳು ಬಂದವು. ಅರ್ಧ ದಿನ ಕರೆಂಟಿಲ್ಲದ ಕೋಣೆಗಳಲ್ಲಿ ಅವು ಸೋರಿದ ಬಲೂನಿನ ಹಾಗೆ ಮುದುಡಿ ಬಿದ್ದವು. ಅದೇ ಹೊತ್ತಿಗೆ ಟೇಲರಕ್ಕ ನಾಲ್ಕು ಮೂಲೆಗೂ ಬೆಲ್ಟಿನ ಹಿಡಿ ಹಾಕಿ ಹೊಲಿದ ದಪ್ಪ ಬಟ್ಟೆಯಿಂದ, ಇಬ್ಬರು ಹೆಂಗಸರು ದಪ್ಪಗಿನ ಗಂಡಸನ್ನೂ ಹೂವಿನ ಹಾಗೆ ಹೊರಳಿಸುತ್ತಿದ್ದರು. ಆ ಹಿಡಿಬಟ್ಟೆಯ ಫೋಟೋ ದೊಡ್ಡ ಸಂಸ್ಥೆಯ ವರದಿಯಲ್ಲಿ ಅಚ್ಚಾಯಿತು, 'ನಮ್ಮ ಆವಿಷ್ಕಾರ' ಎಂಬ ತಲೆಬರಹದ ಕೆಳಗೆ.

ಮಾರನೆಯ ದಿನವೇ ಆ ಸಂಸ್ಥೆಯ ಸಂಯೋಜಕರು ಓಣಿಗೆ ಬಂದರು. ಎಲ್ಲಿ ಹೋದರೂ ಗೋಡೆಗೆ ಚಿತ್ರ ಬಿಟ್ಟು ತೋರಿಸುತ್ತಿದ್ದರಿಂದ ಹೆಂಗಸರು ಅವರಿಗೆ ಸ್ಲೈಡ್ ಸಾರ್ ಅಂತ ಹೆಸರಿಟ್ಟಿದ್ದರು.

"ಅಕ್ಕ, ನನಗೆ ನಿಮಗಿಂತ ಹೆಚ್ಚು ಖುಷಿ," ಅಂದರು, ಬೆಂಚಿನ ಧೂಳು ಕರವಸ್ತ್ರದಿಂದ ಒರೆಸಿ ಕೂರುತ್ತ. "ಆದರೆ ವಿದೇಶದವರ ಹತ್ತಿರ ಮಾತಾಡೋದು ಒಂದು ಕಲೆ. ನಿಮ್ಮದು ಕೈ, ನಮ್ಮದು ಬಾಯಿ. ಮೂರು ಪ್ರಶ್ನೆ ಕೇಳೇ ಕೇಳ್ತಾರೆ. ಉತ್ತರ ಬರೆದು ತಂದಿದ್ದೀನಿ. ನೀವೊಬ್ಬರೇ ಮಾತಾಡಿ. ಹನ್ನೆರಡು ಬಾಯಿ ಸೇರಿದ್ರೆ ಸಂತೆ ಆಗುತ್ತೆ."

ಟೇಲರಕ್ಕನಿಗೆ ಅವರ ಮೇಲೆ ಕಿಂಚಿತ್ತೂ ನಂಬಿಕೆಯಿರಲಿಲ್ಲ. ಆದರೂ ಆ ಕಾಗದ ತೆಗೆದುಕೊಂಡಳು. ಹತ್ತೊಂಬತ್ತು ಹೆಸರು ಅವಳ ಕತ್ತಿನ ಮೇಲೆ ಕೂತಿದ್ದವು. ನೇರ ನೆರವು ಸಿಕ್ಕರೆ ಇನ್ನೂ ಎಂಟು ಹೆಂಗಸರಿಗೆ ಸಂಬಳ ಕೊಟ್ಟು ಕರೆಯಬಹುದು, ಆ ಪಟ್ಟಿಯನ್ನೇ ಹರಿದು ಹಾಕಬಹುದು. ಸಿಗದಿದ್ದರೆ ಮತ್ತೆ ಭಿತ್ತಿಪತ್ರ. ಯಂತ್ರ ತುಳಿಯುತ್ತಲೇ ಮೂರೂ ಉತ್ತರಗಳನ್ನು ಬಾಯಿಪಾಠ ಮಾಡಿದಳು.

ಒಂದೇ ಒಂದು ತೊಡಕಿತ್ತು, ಅದೂ ಅವಳೇ ಕಟ್ಟಿಕೊಂಡದ್ದು. ಬಳಗದ ಸಭೆಯಲ್ಲಿ ಎಲ್ಲರಿಗಿಂತ ಕೊನೆಗೆ ಸೇರಿದವರು ಮೊದಲು ಮಾತಾಡಬೇಕು. ಅವರಾದ ಮೇಲೆ ಅವರಿಗಿಂತ ಹಳಬರು, ಎಲ್ಲರದೂ ಮುಗಿದ ಮೇಲೆ ಕಟ್ಟಿದವಳು. ಬಂದು ಹೋಗುವವರು ಯಾರೇ ಇರಲಿ, ಸರದಿ ತಪ್ಪುವಂತಿಲ್ಲ. ಮತ್ತು ಈಗ ಬಳಗಕ್ಕೆ ಎಲ್ಲರಿಗಿಂತ ಹೊಸಬರು ಯಾರು ಗೊತ್ತೇ? ಸಾಕ್ಷಾತ್ ಟೇಲರಕ್ಕನ ಅತ್ತೆ!

ಎಂಟು ವರ್ಷ ಅತ್ತೆ ಸೊಸೆಯ ಕೆಲಸಕ್ಕೆ ಮೂಗು ಮುರಿದಿದ್ದರು. "ಊರವರ ಹೇಸಿಗೆ ಬಳಿಯೋಕೆ ನಮ್ಮ ಮನೆಗೇ ಬರಬೇಕಿತ್ತಾ ನೀನು?" ಅನ್ನುವುದು ಅವರ ಬೆಳಗಿನ ಮೊದಲ ಮಾತು. ಒಂಬತ್ತು ದಿನದ ಹಿಂದೆ ಇದ್ದಕ್ಕಿದ್ದಂತೆ ಅಂಗಡಿಗೆ ಬಂದು, "ನನ್ನ ಹೆಸರೂ ಬರ್ಕೊಳ್ಳಿ. ದಿನಾ ಸಂಜೆ ನೀವೆಲ್ಲ ಇಲ್ಲಿ ಕೂತು ಅದೇನು ಅಂತ ಬಿದ್ದು ಬಿದ್ದು ನಗ್ತೀರಿ, ಮನೇಲಿ ಕೂತು ನನಗೆ ತಿಳಿಯಲ್ಲ," ಅಂದಿದ್ದರು. ಹೋಟೆಲಿನ ಲಾಂಡ್ರಿಯಲ್ಲಿ ಮೂವತ್ತು ವರ್ಷ ಒದ್ದೆ ಚಾದರ ಎತ್ತಿದ ತೋಳು, ರೋಗಿಯನ್ನು ಎತ್ತಲು ಯಾರೂ ಕಲಿಸಬೇಕಾಗಿರಲಿಲ್ಲ. ತೋಳು ಸರಿ. ನಾಲಿಗೆ?

ಬುಧವಾರ ಸಂಜೆ ಸಭೆ ಸೇರಿತು. ಟೇಲರಕ್ಕ ಗಂಟಲು ಸರಿ ಮಾಡಿಕೊಂಡಳು. "ನಾಳೆ ಒಂದು ದಿನದ ಮಟ್ಟಿಗೆ ಸರದಿ ಬೇಡ, ನಾನೊಬ್ಬಳೇ ಮಾತಾಡ್ತೀನಿ. ಏನಂತೀರಿ? ಅತ್ತೆ, ಮೊದಲು ನೀವು."

"ನಾನು ಒಪ್ಪಲ್ಲ," ಅಂದರು ಅತ್ತೆ. "ಅರವತ್ತಮೂರು ವರ್ಷ ಆಯ್ತು. ಹುಟ್ಟಿದ ಮನೇಲಿ ಅಪ್ಪ ಮೊದಲು, ಸೇರಿದ ಮನೇಲಿ ಗಂಡ ಮೊದಲು, ಆಮೇಲೆ ಮಗ ಮೊದಲು. ಈಗ ಎಲ್ಲೋ ಒಂಬತ್ತು ದಿನದಿಂದ ನನ್ನ ಬಾಯಿ ಮೊದಲು ತೆರೀತಿದೆ. ಅದಕ್ಕೂ ಬೀಗ ಹಾಕ್ತೀಯಾ? ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರೆ. ನನ್ನ ಕಾಲ ಇನ್ನೂ ಈಗ ಶುರುವಾಗಿದೆ ಕಣೇ!"

ಎಲ್ಲರೂ ನಕ್ಕರು. ಆದರೂ ಸರದಿ ಮುಂದುವರಿದಂತೆ ಹೆಚ್ಚಿನವರು, ಒಂದೇ ದಿನ ತಾನೇ, ಹೋಗಲಿ ಬಿಡಿ ಅನ್ನುವ ಕಡೆಗೇ ವಾಲಿದರು. ಕಡೆಗೆ ಮಾತು ನಿವೃತ್ತ ನರ್ಸಮ್ಮನಿಗೆ ಬಂತು. ಟೇಲರಕ್ಕನ ಜೊತೆ ಬಳಗ ಕಟ್ಟಿದವರು, ಎಲ್ಲರಿಗೂ ಸಿಸ್ಟರ್.

"ಈ ನಿಯಮ ಯಾಕೆ ಬಂತು ಅಂತ ಹೊಸಬರಿಗೆ ಗೊತ್ತಿಲ್ಲ," ಅಂದರು ಅವರು. "ಮೊದಲನೇ ವರ್ಷ ಬಸ್ ಡ್ರೈವರೊಬ್ಬರನ್ನ ನೋಡ್ಕೋತಿದ್ವಿ. ಸಭೇಲಿ ನಾನೇ ಮೊದಲು ಬಾಯಿ ಬಿಟ್ಟೆ, ಬೆನ್ನು ಚೆನ್ನಾಗಿದೆ ಅಂದೆ. ಹೊಸಾ ಹುಡುಗಿ ಒಬ್ಬಳು ಅಲ್ಲಿ ಕಪ್ಪು ಚುಕ್ಕೆ ನೋಡಿದ್ದಳು. ನರ್ಸೇ ಚೆನ್ನಾಗಿದೆ ಅಂದ ಮೇಲೆ ತಾನ್ಯಾವ ಗಿಡದ ತೊಪ್ಪಲು ಅಂತ ಸುಮ್ಮನಾದಳು. ಆ ಚುಕ್ಕೆ ಮೂಳೆ ಮುಟ್ತು. ಆ ಮನುಷ್ಯ ಹೋದ. ನಾಳೆ ಬೇಕಾದ್ರೆ ನೀವೆಲ್ಲ ಸರದಿ ಮುರೀರಿ, ನಾನು ಮಾತ್ರ ಮುರಿಯಲ್ಲ."

ಕೊನೆಯ ಸರದಿ ಟೇಲರಕ್ಕನದು. ಅವಳು ಉತ್ತರದ ಕಾಗದವನ್ನು ಮಡಿಸಿ ಯಂತ್ರದ ಕೆಳಗೆ ತಳ್ಳಿ, "ಆಯ್ತು, ನಿಯಮ ಇರಲಿ," ಅಂದಳು. ಮನಸ್ಸಿನಲ್ಲೇ ಲೆಕ್ಕ ಹಾಕಿದಳು: ಹನ್ನೆರಡು ಮಂದಿ, ನಲವತ್ತು ನಿಮಿಷ, ತಾನು ಕೊನೆ. ಎಲ್ಲರೂ ಚುಟುಕಾಗಿ ಮುಗಿಸಿದರೆ ತನಗೆ ಐದು ನಿಮಿಷವಾದರೂ ಉಳಿದೀತು.

ಗುರುವಾರ ಹನ್ನೊಂದಕ್ಕೆ ಸರಿಯಾಗಿ ವಿದೇಶದ ಅಧಿಕಾರಿ ಬಂದರು. ಉದ್ದನೆಯ ಹೆಂಗಸು, ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಸ್ವಲ್ಪ ಕುಂಟುತ್ತಿದ್ದರು. ಜೊತೆಗೆ ಮಾತು ತಿಳಿಸಿಕೊಡಲು ಒಬ್ಬ ದುಭಾಷಿ ಹುಡುಗಿ. ಇಬ್ಬರನ್ನೂ ತಮ್ಮ ಕಾರಿನಲ್ಲಿ ಕರೆತಂದವರು, ಕರೆಯದಿದ್ದರೂ ಬಂದ ಸ್ಲೈಡ್ ಸಾರ್! ಅವರು ಬಂದವರೇ ಚಿತ್ರ ಬಿಡಲು ಬಿಳಿ ಗೋಡೆ ಹುಡುಕಿದರು. ಗೋಡೆಯ ತುಂಬ ಹಿಡಿಬಟ್ಟೆಗಳು ತೂಗುತ್ತಿದ್ದವು.

"ಇವನ್ನ ಸ್ವಲ್ಪ ತೆಗೀಬಹುದಾ?"

"ತೆಗೀಬಹುದು," ಅಂದರು ಅತ್ತೆ. "ಮೇಲಿನ ಮಹಡಿಯಲ್ಲಿ ಇಬ್ಬರನ್ನ ಎತ್ತಬೇಕು. ಒಂದು ತುದಿ ನೀವೇ ಹಿಡ್ಕೊಳ್ತೀರಾ?"

ಸ್ಲೈಡ್ ಸಾರ್ ಲ್ಯಾಪ್‌ಟಾಪು ಮುಚ್ಚಿದರು. ಅಧಿಕಾರಿ ಹೆಂಗಸು ಒಂದು ಬಟ್ಟೆಗಂಟಿನ ಮೇಲೆ ಕೂತು ಕಾಲು ಚಾಚಿ ಏನೋ ಕೇಳಿದರು. ದುಭಾಷಿ ತಿಳಿಸಿದಳು: "ಕಳೆದ ಕೆಲವು ದಿನಗಳಲ್ಲಿ ನಿಮ್ಮ ಕೆಲಸದಲ್ಲಿ ಏನು ಕೆಟ್ಟಿತು ಅಂತ ಕೇಳ್ತಿದ್ದಾರೆ."

ಟೇಲರಕ್ಕ ಯಂತ್ರದ ಕೆಳಗಿನ ಕಾಗದದ ಕಡೆ ನೋಡಿದಳು. ಬಾಯಿಪಾಠ ಮಾಡಿದ ಮೂರು ಪ್ರಶ್ನೆಗಳಲ್ಲಿ ಇದಿರಲೇ ಇಲ್ಲ!

ಸರದಿಯಂತೆ ಅತ್ತೆ ಎದ್ದು ನಿಂತರು. ಇಷ್ಟು ಹೊತ್ತಿನ ಗತ್ತು ಮುಖದಲ್ಲಿರಲಿಲ್ಲ.

"ನನ್ನ ಕೈಯಿಂದಲೇ ಕೆಟ್ಟಿದೆ," ಅಂದರು. "ಮೊನ್ನೆ ಮೂರನೇ ಮಹಡಿಯ ಗಡಿಯಾರ ರಿಪೇರಿಯವರ ಮನೇಲಿ. ಅವರಿಗೆ ಪಾರ್ಶ್ವವಾಯು, ಬಲಗೈಗೆ ಸ್ವಾಧೀನ ಇಲ್ಲ, ಮಾತೂ ಇಲ್ಲ. ಅವರನ್ನ ಬಲಕ್ಕೆ ತಿರುಗಿಸಿದೆ, ಕೈ ಮುಂದಕ್ಕೆ ಎಳೆದಿಡೋದು ಮರೆತೆ. ಕೈ ಅವರ ಮೈ ಕೆಳಗೇ ಉಳೀತು. ಎರಡು ಗಂಟೆ ಆದ್ಮೇಲೆ ನೋಡಿದ್ರೆ ಬೆರಳು ನೀಲಿ. ತಿಕ್ಕಿದೆ, ತಿಕ್ಕಿದೆ, ಬಣ್ಣ ಬಂತು. ಯಾರಿಗೂ ಹೇಳಲಿಲ್ಲ. ಅವರಿಗೆ ಹೇಳೋಕೆ ಬಾಯಿ ಇಲ್ಲ, ನನಗೆ ಬಾಯಿ ಇದ್ದೂ ಹೇಳಲಿಲ್ಲ. ನೆನ್ನೆ ಸಿಸ್ಟರ್ ಡ್ರೈವರ್ ಕತೆ ಹೇಳಿದ ಮೇಲೆ ನನಗೆ ಅನ್ನ ಇಳೀತಿಲ್ಲ."

ದುಭಾಷಿ ಹುಡುಗಿ ಬಾಯಿ ತೆರೆದವಳು ತಡವರಿಸಿದಳು. ಸ್ಲೈಡ್ ಸಾರ್ ಮುಂದೆ ಬಾಗಿ ಅವಳಿಗೆ ಪಿಸುಗುಟ್ಟಿದರು: "ಅದೆಲ್ಲ ಬೇಡಮ್ಮ. 'ಹೊಸಬಳಾದ ನಾನು ಬಹಳಷ್ಟು ಕಲಿತೆ' ಅಂತ ಹೇಳಿಬಿಡು." ಆಮೇಲೆ ಟೇಲರಕ್ಕನ ಕಡೆ ತಿರುಗಿ, "ಅಕ್ಕ, ಕೈಗೆ ಬಂದ ತುತ್ತು ಬಾಯಿಗೆ ಬರಬೇಕೋ ಬೇಡವೋ? ನೀವೇ ಹೇಳಿ."

ಹನ್ನೊಂದು ಜೋಡಿ ಕಣ್ಣು ಟೇಲರಕ್ಕನ ಮೇಲೆ. ಕ್ಯಾಲೆಂಡರು ಅವಳ ಬೆನ್ನ ಹಿಂದೆಯೇ ಇತ್ತು. ಒಂದೇ ಒಂದು ಸುಳ್ಳು, ಅದೂ ತಾನು ಹೇಳಬೇಕಾದ್ದಲ್ಲ, ಸುಮ್ಮನಿದ್ದರೆ ಸಾಕು. ಆದರೆ ಅವಳ ಕಣ್ಣ ಮುಂದೆ ಬಂದದ್ದು ಕ್ಯಾಲೆಂಡರಿನ ಹೆಸರುಗಳಲ್ಲ, ಕೂದಲಿನಷ್ಟು ತೆಳ್ಳಗಿನ ಗಡಿಯಾರದ ಮುಳ್ಳುಗಳನ್ನು ಹಿಡಿಯುತ್ತಿದ್ದ ಆ ಬೆರಳುಗಳು.

"ಒಂದಕ್ಷರ ಬಿಡದೆ ಹೇಳಮ್ಮ," ಅಂದಳು. "ಸಾರ್ ಪಿಸುಗುಟ್ಟಿದ್ದನ್ನೂ ಸೇರಿಸಿ."

ಹುಡುಗಿ ಹೇಳಲು ಶುರುಮಾಡಿದಳು. ಅವಳು ಮುಗಿಸುವ ತನಕ ಕಾಯುವ ತಾಳ್ಮೆ ಯಾರಿಗಿತ್ತು? ಸಿಸ್ಟರ್ ಆಗಲೇ ಚಪ್ಪಲಿ ಮೆಟ್ಟಿಕೊಂಡು ಮೂರನೇ ಮಹಡಿಗೆ ಓಡಿದ್ದರು. ಇಲ್ಲಿ ಬೆಂಕಿಪೊಟ್ಟಣಕ್ಕೆ ಕಡ್ಡಿ ಗೀರಿದ ಹಾಗಾಯಿತು.

"ಹೊಸಬರನ್ನ ಒಬ್ಬರನ್ನೇ ಯಾಕೆ ಬಿಟ್ರಿ?"

"ಒಬ್ಬರೇ ಎಲ್ಲಿ, ನಾನಿದ್ದೆನಲ್ಲ! ಅಷ್ಟೊತ್ತಿಗೆ ಕೆಳಗಿನ ಮನೆಗೆ ಹೋಗ್ಬೇಕಾಯ್ತು."

"ಒಂದೇ ಗಂಟೆಗೆ ಎರಡು ಮನೆ ಹೇಗೆ ಬಂತು ನಿನಗೆ?"

"ಪಾಳಿ ಬರೆದವರನ್ನ ಕೇಳಿ!"

ಪಾಳಿ ಬರೆದದ್ದು ಟೇಲರಕ್ಕ. ಅವಳೇ ಹೋಗಿ ಪಾಳಿಯ ಹಾಳೆ ತಂದು ನೆಲಕ್ಕೆ ಹರಡಿದಳು. ಹನ್ನೊಂದು ತಲೆಗಳು ಅದರ ಮೇಲೆ ಬಾಗಿದವು. ಹೌದು, ಒಂದೇ ಹೆಸರು ಎರಡು ಕಡೆ! ತಪ್ಪು ಕಟ್ಟಿದವಳದ್ದೇ! ಅಡ್ಡಗೆರೆ ಎಳೆದು ಮನೆಗಳನ್ನು ಅದಲುಬದಲು ಮಾಡಿದರು. ಹೊಸಬರ ಜೊತೆ ಹದಿನೈದು ದಿನ ಹಳಬರು ಬಾಗಿಲು ದಾಟಬಾರದು ಅಂತ ಒಬ್ಬಳು, ತಿರುಗಿಸಿದ ಮೇಲೆ ಕೈ ಎಲ್ಲಿ, ಕಾಲೆಲ್ಲಿ, ಕಿವಿಯೆಲ್ಲಿ ಅಂತ ಬಾಯಿಬಿಟ್ಟು ಹೇಳಬೇಕು ಅಂತ ಇನ್ನೊಬ್ಬಳು. ಅತ್ತೆಯನ್ನೇ ನೆಲದ ಮೇಲೆ ಮಲಗಿಸಿ, ಕೈ ಸಿಕ್ಕಿಕೊಳ್ಳುವುದು ಹೇಗೆ ಅಂತ ಎಲ್ಲರೂ ಹೊರಳಿಸಿ ನೋಡಿದರು. "ಮೆಲ್ಲಗೆ ಕಣ್ರೇ, ನಾನಿನ್ನೂ ಹಾಸಿಗೆ ಹಿಡಿದಿಲ್ಲ!" ಅಂತ ಅತ್ತೆ ಕೆಳಗಿಂದ ಕೂಗಿದರು. ನೆಂಟರು ಬಂದಿದ್ದಾರೆ, ದೂರ ದೇಶದ ಭಾಗ್ಯ ಬಟ್ಟೆಗಂಟಿನ ಮೇಲೆ ಕೂತಿದೆ, ಅವರಿಗೊಂದು ಲೋಟ ಚಹಾ ಕೊಡಬೇಕು, ಇಷ್ಟನ್ನೂ ಹನ್ನೊಂದು ಹೆಂಗಸರು ಮರೆತೇಬಿಟ್ಟರು.

ಸಿಸ್ಟರ್ ಏದುಸಿರು ಬಿಡುತ್ತ ಬಂದರು. "ಕೈ ಬೆಚ್ಚಗಿದೆ, ಉಗುರು ಕೆಂಪಗಿದೆ. ನಾನು ಎಡಗೈ ಹಿಡಿದು ಕೇಳಿದೆ, ಈ ಅತ್ತೆಯನ್ನ ನಿಮ್ಮ ಮನೆಯಿಂದ ತೆಗೆದುಬಿಡಲಾ ಅಂತ. ಬೇಡ ಅಂತ ತಲೆ ಆಡಿಸಿದ್ರು!"

ಅತ್ತೆ ನೆಲದ ಮೇಲೆ ಮಲಗಿದ್ದಲ್ಲೇ ಅತ್ತುಬಿಟ್ಟರು. ಸುತ್ತಲೂ ಚಪ್ಪಾಳೆ, ನಗು. ಆಗಲೇ ಓಣಿಯ ಬಾಯಿಂದ ಕಾರಿನ ಹಾರ್ನು ಕೇಳಿಸಿತು. ನಲವತ್ತು ನಿಮಿಷ ಮುಗಿದಿತ್ತು. ಟೇಲರಕ್ಕನಿಗೆ ಮುಗಿಲಿಂದ ನೆಲಕ್ಕೆ ಬಿದ್ದ ಹಾಗಾಯಿತು. ಅವಳ ಸರದಿ ಬರಲೇ ಇಲ್ಲ. ಮೂರೂ ಉತ್ತರ ಯಂತ್ರದ ಕೆಳಗೇ ಇದ್ದವು. ಸ್ಲೈಡ್ ಸಾರ್ ಮುಖದಲ್ಲಿ ಹಾಲು ಕುಡಿದ ಬೆಕ್ಕಿನ ಕಳೆ.

ಅಧಿಕಾರಿ ಹೆಂಗಸು ಬಾಗಿಲಲ್ಲಿ ನಿಂತು ಒಂದೇ ಮಾತು ಕೇಳಿದರು. "ಈ ಸಭೆಯನ್ನ ನನಗಾಗಿ ಹೀಗೆ ನಡೆಸಿದಿರಾ ಅಂತ ಕೇಳ್ತಾರೆ," ಅಂದಳು ದುಭಾಷಿ.

"ಅವರಿಗಾಗಿ ಆಗಿದ್ರೆ ಕುರ್ಚಿ ತರಿಸ್ತಿದ್ವಿ," ಅಂದರು ಅತ್ತೆ, ಮೂಗು ಒರೆಸಿಕೊಳ್ಳುತ್ತ.

ಹನ್ನೊಂದು ದಿನ ಸುದ್ದಿಯಿಲ್ಲ. ಟೇಲರಕ್ಕ ಹೊಲಿದದ್ದನ್ನು ಬಿಚ್ಚಿದಳು, ಬಿಚ್ಚಿದ್ದನ್ನು ಹೊಲಿದಳು. ಆ ನಡುವೆ ಬಡಗಿಯ ಹೆಂಡತಿ ಕ್ಯಾಲೆಂಡರು ತಿರುಗಿಸುವುದನ್ನು ಬಿಟ್ಟು, "ನನಗೂ ಕಲಿಸಿ, ನನ್ನ ಗಂಡನನ್ನ ನಾನೇ ತಿರುಗಿಸ್ತೀನಿ, ಬೇರೆಯವರನ್ನೂ ತಿರುಗಿಸ್ತೀನಿ," ಅಂತ ಬಳಗ ಸೇರಿದಳು. ಹನ್ನೆರಡನೆಯ ದಿನ ಪತ್ರ ಬಂತು. ಮೂರು ವರ್ಷ, ನೇರವಾಗಿ, ಬಳಗದ ಹೆಸರಿಗೇ! ಕೂಗು ಮುಗಿಲು ಮುಟ್ಟುವಷ್ಟರಲ್ಲಿ ಟೇಲರಕ್ಕ ಕೈಯೆತ್ತಿದಳು. ಕೊನೆಯಲ್ಲಿ ಇನ್ನೊಂದು ಸಾಲಿತ್ತು: ಮೊದಲ ವರ್ಷ ದೊಡ್ಡ ಸಂಸ್ಥೆಯ ಸಂಯೋಜಕರು ಮೇಲ್ವಿಚಾರಣೆ ಮಾಡತಕ್ಕದ್ದು, ಅವರ ಸಹಿಯಿಲ್ಲದೆ ಏನನ್ನೂ ಖರ್ಚು ಮಾಡತಕ್ಕದ್ದಲ್ಲ.

"ಥೂ! ಮುಂಬಾಗಿಲಿಂದ ಕಳಿಸಿದ್ರೆ ಹಿತ್ತಲಿಂದ ಬಂತು!"

"ಒಪ್ಪಿಕೊಳ್ಳೋದೋ, ವಾಪಸ್ ಬಿಸಾಕೋದೋ?"

"ಸರದಿ," ಅಂದರು ಸಿಸ್ಟರ್. ಎಲ್ಲರೂ ಬಡಗಿಯ ಹೆಂಡತಿಯ ಕಡೆ ತಿರುಗಿದರು. ಟೇಲರಕ್ಕ ಕಣ್ಣು ಮುಚ್ಚಿಕೊಂಡಳು. ಬಳಗಕ್ಕೆ ಬಂದು ನಾಲ್ಕು ದಿನ, ಮನೆಯಲ್ಲಿ ಸೊಂಟ ಮುರಿದ ಗಂಡ. ಸಿಕ್ಕಿದ್ದನ್ನು ಸಿಕ್ಕ ಹಾಗೆ ತಗೊಳ್ಳಿ ಅಂತಲೇ ಅವಳು ಹೇಳುವುದು, ಹೇಳಿದರೆ ತಪ್ಪೂ ಇಲ್ಲ.

ಬಡಗಿಯ ಹೆಂಡತಿ ಉಗುರು ಕಚ್ಚುತ್ತ ನಿಂತಳು. "ನನಗೆ ಇದೆಲ್ಲ ಅಷ್ಟು ತಿಳಿಯಲ್ಲ," ಅಂದಳು. "ಆ ಸಾರ್ ನಮ್ಮ ಕೆಲಸ ನೋಡೋಕೆ ಬರ್ತಾರೆ ಅಂದ್ರೆ, ಬಳಗಕ್ಕೆ ಬಂದ ಹಾಗೇ ಅಲ್ವಾ? ಹಾಗಾದ್ರೆ ಅವರು ನನಗಿಂತ ಹೊಸಬರು. ನನ್ನ ಹಾಗೇ ಅವರಿಗೂ ಹದಿನೈದು ದಿನ ಹಳಬರ ಜೊತೆ ಕೆಲಸ. ಎರಡು ಗಂಟೆಗೊಮ್ಮೆ ಎತ್ತಲಿ, ತೊಳೀಲಿ. ಆಮೇಲೆ ಸಭೇಲಿ ನನಗಿಂತ ಮೊದಲು ನಿಂತು, ಈ ವಾರ ನನ್ನ ಕೈಯಿಂದ ಏನು ಕೆಟ್ಟಿತು ಅಂತ ಹೇಳಲಿ. ಹೇಳಿದ್ರೆ ಸಹಿ ಹಾಕಲಿ, ನಂದೇನೂ ತಕರಾರಿಲ್ಲ."

ಅತ್ತೆ ಬೆಂಚಿನಿಂದ ಜಾರಿ ಬೀಳುವಷ್ಟು ನಕ್ಕರು. "ಎಂಟು ವರ್ಷದ್ದು ಹೇಳೋಕೆ ಕೂತ್ರೆ ಸಭೆ ಮುಗಿಯೋದು ಯಾವಾಗ ಮಾರಾಯ್ತಿ!"

ಸರದಿಯಲ್ಲಿ ಉಳಿದ ಹನ್ನೆರಡು ಮಂದಿಯೂ ಅದನ್ನೇ ಹೇಳಿದರು. ಪತ್ರವನ್ನು ಅವತ್ತೇ ಬರೆದರು, ಒಬ್ಬೊಬ್ಬರು ಒಂದೊಂದು ಸಾಲು. ನಿಮ್ಮ ಮೇಲ್ವಿಚಾರಕರಿಗೆ ಸ್ವಾಗತ, ಸೋಮವಾರ ಬೆಳಿಗ್ಗೆ ಆರಕ್ಕೆ ಬರಲಿ, ಉಗುರು ಕತ್ತರಿಸಿಕೊಂಡಿರಲಿ, ಉಂಗುರ ತೆಗೆದಿಟ್ಟು ಬರಲಿ. ಶುಕ್ರವಾರ ಉತ್ತರ ಬಂತು, ಎರಡೇ ಸಾಲು: ಷರತ್ತು ನ್ಯಾಯವಾಗಿದೆ. ಅವರು ಬರದಿದ್ದರೆ ಆ ಸಾಲನ್ನು ನೀವೇ ಹೊಡೆದುಹಾಕಿ ಸಹಿ ಮಾಡಿ ಕಳಿಸಿ.

ಅರ್ಧ ಗಂಟೆಯೊಳಗೆ ಸ್ಲೈಡ್ ಸಾರ್ ಫೋನು. "ಅಕ್ಕ, ಇದೇನಿದು ಮಕ್ಕಳಾಟ? ನಾನು ಎಂ.ಎ. ಮಾಡಿದವನು!"

"ಪರವಾಗಿಲ್ಲ ಸಾರ್," ಅಂದಳು ಟೇಲರಕ್ಕ. "ಓದಿದವರನ್ನೂ ಸೇರಿಸ್ಕೋತೀವಿ."

ಸೋಮವಾರ ಆರಕ್ಕೆ ಹದಿಮೂರು ಹೆಂಗಸರು ಓಣಿಯ ಬಾಯಲ್ಲಿ ಸಾಲಾಗಿ ನಿಂತರು. ಸ್ಲೈಡ್ ಸಾರಿಗೆಂದೇ ಅಳತೆ ಊಹಿಸಿ ಹೊಲಿದ ಏಪ್ರನ್ನು ಅತ್ತೆಯ ಕೈಯಲ್ಲಿತ್ತು. ಹಾಲಿನ ಗಾಡಿ ಬಂತು, ಪೇಪರಿನವನು ಬಂದ, ಕಸದ ಲಾರಿ ಬಂತು. ಕಾರು ಬರಲಿಲ್ಲ. ಆರೂ ಕಾಲಿಗೆ ಟೇಲರಕ್ಕ ಕರಾರಿನ ಹಾಳೆಯನ್ನು ಸಿಸ್ಟರ್ ಬೆನ್ನಿನ ಮೇಲೆ ಇಟ್ಟು, ಕೊನೆಯ ಸಾಲಿನ ಮೇಲೆ ಪೆನ್ನನ್ನು ಎಷ್ಟು ಒತ್ತಿ ಎಳೆದಳೆಂದರೆ ಸಿಸ್ಟರ್ "ಅಯ್ಯೋ, ನನ್ನ ಬೆನ್ನು!" ಅಂದರು. ಕೆಳಗೆ ಸಹಿ ಹಾಕಿದಳು.

"ಈಗ ಎಲ್ಲಿಗೆ ಮೊದಲು?" ಅಂತ ಯಾರೋ ಕೇಳಿದರು.

ಬಡಗಿಯ ಹೆಂಡತಿ ಉತ್ತರ ಹೇಳಲು ನಿಲ್ಲಲಿಲ್ಲ. ಹೆಗಲ ಮೇಲೆ ಹಿಡಿಬಟ್ಟೆ ಹಾಕಿಕೊಂಡು ಆಗಲೇ ಮನೆಯ ಕಡೆ ಓಡುತ್ತಿದ್ದಳು. ಹಿಂದೆ ಅತ್ತೆ, ಅವರ ಹಿಂದೆ ಟೇಲರಕ್ಕ, ಅವಳ ಹಿಂದೆ ಇನ್ನಿಬ್ಬರು. ಕತ್ತಲು ಕವಿದ ಮೆಟ್ಟಿಲು ಹತ್ತಿ, ಮರದ ಹೊಟ್ಟಿನ ವಾಸನೆಯ ಕೋಣೆಗೆ ನುಗ್ಗಿದಾಗ ಬಡಗಿ ಕತ್ತು ತಿರುಗಿಸಿ ನೋಡಿದ.

"ಎಷ್ಟು ಜನ ಬಂದಿದ್ದೀರಿ!" ಅಂದ.

"ಮಾತಾಡ್ಬೇಡ, ಕೈ ಎದೆ ಮೇಲೆ ಇಟ್ಕೋ," ಅಂದರು ಅತ್ತೆ. "ಒಂದು, ಎರಡು..."

ನಾಲ್ಕು ಮೂಲೆಯ ಹಿಡಿಗಳು ಬಿಗಿದವು. ಹೆಂಡತಿಯೊಬ್ಬಳ ಕೈಗೆ ಗೋಡೆಯ ಕಡೆಗಷ್ಟೇ ಸ್ವಲ್ಪ ವಾಲುತ್ತಿದ್ದ ಬಡಗಿ, ಎರಡು ತಿಂಗಳಲ್ಲಿ ಮೊದಲ ಸಲ ಕಿಟಕಿಯ ಕಡೆಗೆ ಪೂರ್ತಿ ಹೊರಳಿದ.